ನಮ್ಮ ಗೇಜಿನಲ್ಲಿ ಮೂರು ಇಂಚು, ಪಂಚಾಯಿತಿಯದರಲ್ಲಿ 41 ಮಿ.ಮೀ.: ಯಾವ ಲೆಕ್ಕ ಕಳಿಸಲಿ?

ಪ್ರಶ್ನೆ: ಸಕಲೇಶಪುರ ತಾಲ್ಲೂಕಿನ ಹೆತ್ತೂರು ಕಡೆ ನಮ್ಮದು ಹನ್ನೆರಡು ಎಕರೆ ಕಾಫಿ, ಮೆಣಸು, ಸ್ವಲ್ಪ ಅಡಿಕೆ. ತಂದೆಯವರ ಕಾಲದಿಂದ ದಿನಾ ಮಳೆ ಬರೆದಿಡುತ್ತಿದ್ದೇವೆ, ಇಂಚು–ಸೆಂಟ್ಸ್ ಲೆಕ್ಕದಲ್ಲಿ (ಒಂದು ಸೆಂಟ್ ಅಂದರೆ ಇಂಚಿನ ನೂರರಲ್ಲಿ ಒಂದು ಪಾಲು). ಹಳೇ ತಾಮ್ರದ ಗೇಜು ಸೋರತೊಡಗಿದ ಮೇಲೆ ಫೈಬರ್‌ನದು ಇಟ್ಟೆವು. ಅದರ ಅಳತೆ ಗ್ಲಾಸು ಹೋದ ವರ್ಷ ಒಡೆದು ಬೇರೊಂದು ತರಿಸಿದೆ. ಗ್ಲಾಸಿನಲ್ಲಿ ಇರುವುದು ಮಿ.ಮೀ.; ನಾನು ಅದನ್ನು ಇಂಚಿಗೆ ತಿರುಗಿಸಿ ಬರೆಯುತ್ತೇನೆ.

ಮಗಳು ಅಮೆರಿಕದ ಕೊಲೊರಾಡೊದಲ್ಲಿದ್ದಾಳೆ. ಹಿಮ ಬಿದ್ದ ಬೆಳಿಗ್ಗೆ ಹಿತ್ತಿಲಿನ ಹಲಗೆ ಮೇಲೆ ಸ್ಕೇಲು ನಿಲ್ಲಿಸಿ ಅಳೆದು ಫೋನಿನಲ್ಲೇ ಕಳಿಸುತ್ತಾಳೆ. ಅಲ್ಲಿನ ಹವಾಮಾನದವರು ಅದನ್ನು ಬಳಸುತ್ತಾರಂತೆ. 'ಅಪ್ಪಾ, ನೀವೂ ಕಳಿಸಿ' ಅನ್ನುತ್ತಾಳೆ. ಕಳೆದ ಏಪ್ರಿಲ್‌ನಲ್ಲಿ ಆಲಿಕಲ್ಲು ಬಿದ್ದು ಅಂಗಳವೆಲ್ಲ ಬೆಳ್ಳಗಾಗಿ, ಹಂಚಿನ ಕೆಳಗೆ ಅರ್ಧ ಅಡಿ ಗುಡ್ಡೆಯಾಗಿತ್ತು. ಅಳೆಯುವುದು ಹೇಗೆ, ಹೇಳುವುದು ಯಾರಿಗೆ ತಿಳಿಯಲಿಲ್ಲ. ಅದೇ ದಿನದ ಮಳೆ ನಮ್ಮಲ್ಲಿ 3 ಇಂಚು 10 ಸೆಂಟ್ಸ್. ಮೂರು ಕಿಲೋಮೀಟರ್ ಆಚೆಯ ಪಂಚಾಯಿತಿ ಗೇಜಿನಲ್ಲಿ 41 ಮಿ.ಮೀ. ಸರ್ಕಾರದ್ದೇ ಸರಿ, ನಮ್ಮದು ತಪ್ಪು ಎಂದು ಕೆಲವರು. ಖಾಸಗಿಯವರು ಮಳೆ ಲೆಕ್ಕ ಕೊಟ್ಟರೆ ಬೆಳೆ ವಿಮೆಗೆ ಕುತ್ತು, ಕೇಸೂ ಆಗಬಹುದು ಎಂದು ಇನ್ನು ಕೆಲವರು. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಆಲಿಕಲ್ಲಿನ ಮೇಲಲ್ಲ, ಒಡೆದ ಗ್ಲಾಸಿನ ಮೇಲೆ. ಅದಕ್ಕೆ ಬರುತ್ತೇನೆ. ನೀವು ಕೇಳಿರುವುದು ಮೂರು: ತೋಟದವರು ಅಳೆದದ್ದು ಯಾರಿಗಾದರೂ ಬೇಕೇ, ಎರಡು ಅಳತೆ ಬೇರೆಯಾದರೆ ಯಾವುದನ್ನು ನಂಬುವುದು, ಕಳಿಸಿದರೆ ನಮಗೇ ತೊಂದರೆಯೇ. ಮೂರರ ಹಿಂದೆಯೂ ಇರುವ ಅಳುಕು ಒಂದೇ. ಮನೆಯವರು ಅಳೆದದ್ದನ್ನು ಲೆಕ್ಕ ಅನ್ನಬಹುದೇ ಎಂಬುದು.

ಅನ್ನಬಹುದು. ಘಟ್ಟದ ಅಂಚಿನಲ್ಲಂತೂ ಅದು ಬೇಕೇ ಬೇಕು. ಉಪಗ್ರಹ ಮೇಲಿನಿಂದ ಮೋಡದ ನೆತ್ತಿಯನ್ನು ನೋಡುತ್ತದೆ. ನೆತ್ತಿ ಎತ್ತರವಾಗಿ ತಣ್ಣಗಿದ್ದಷ್ಟೂ ಮಳೆ ಜೋರು ಎಂದು ಊಹಿಸುತ್ತದೆ. ಜುಲೈನಲ್ಲಿ ಬಿಸಿಲೆ, ಶಿರಾಡಿ, ಕೊಟ್ಟಿಗೆಹಾರದಲ್ಲಿ ಹಗಲೂ ರಾತ್ರಿ ಹೊಯ್ಯುವ ಮೋಡ ಅಷ್ಟು ಎತ್ತರದ್ದಲ್ಲ. ಸಮುದ್ರದ ಗಾಳಿ ಗುಡ್ಡಕ್ಕೆ ಒರಗಿ ಏರುವಾಗ ಕೆಳಮಟ್ಟದಲ್ಲೇ ಕಟ್ಟಿದ ಮೋಡ. ಹಾಗಾಗಿ ಉಪಗ್ರಹದ ಅಂದಾಜು ಇಲ್ಲಿ ಎಷ್ಟೋ ಸಲ ಕಡಿಮೆ ಬರುತ್ತದೆ. ರಾಡಾರ್ ಕಿರಣ ದೂರ ಹೋದಂತೆ ನೆಲದಿಂದ ಮೇಲೇರುತ್ತದೆ, ಸಾಲದ್ದಕ್ಕೆ ಗುಡ್ಡಗಳು ಅಡ್ಡ. ಕೊನೆಗೆ ನೆಲಕ್ಕೆ ಬಿದ್ದದ್ದೆಷ್ಟು ಎಂದು ಹೇಳುವುದು ನೆಲದ ಮೇಲಿಟ್ಟ ಡಬ್ಬವೇ.

ನಿಮ್ಮ ಮಗಳ ಕಡೆಯ ಕಥೆಯೂ ಇಂಥದ್ದೇ. 1997ರ ಜುಲೈ ಕೊನೆಯಲ್ಲಿ ಕೊಲೊರಾಡೊದ ಫೋರ್ಟ್ ಕಾಲಿನ್ಸ್ ಊರಿನ ಒಂದು ಬದಿಗೆ 14 ಇಂಚಿಗೂ ಮೀರಿ ಮಳೆ ಸುರಿಯಿತು, ಇನ್ನೊಂದು ಬದಿಗೆ 2 ಇಂಚೂ ಆಗಲಿಲ್ಲ. ಪ್ರವಾಹದಲ್ಲಿ ಐದು ಜನ ಹೋದರು. ಮರುವರ್ಷ ಅಲ್ಲಿನ ವಿಶ್ವವಿದ್ಯಾಲಯದ ಹವಾಮಾನ ತಜ್ಞ ನೋಲನ್ ಡೋಸ್ಕೆನ್ ಮತ್ತು ಜೊತೆಗಾರರು ಮನೆಮನೆಯಲ್ಲಿ ಮಳೆ, ಆಲಿಕಲ್ಲು, ಹಿಮ ಅಳೆಯುವ ಸ್ವಯಂಸೇವಕರ ಜಾಲ ಕಟ್ಟಿದರು. ಕೊಕೊರಾಸ್ ಅನ್ನುತ್ತಾರೆ ಅದಕ್ಕೆ. ಮಗಳು ಕಳಿಸುವುದು ಬಹುಶಃ ಅಲ್ಲಿಗೇ. ನಮಗೆ ಹತ್ತಿರದ್ದೂ ಒಂದಿದೆ. ವಯನಾಡಿನ ಕಲ್ಪೆಟ್ಟಾದ ಹ್ಯೂಮ್ ಸೆಂಟರ್ ಜಿಲ್ಲೆಯುದ್ದಕ್ಕೂ ಸಣ್ಣ ಗೇಜುಗಳನ್ನಿಟ್ಟು ಊರವರ ನೆರವಿನಿಂದ ಮಳೆ ಅಳೆಯುತ್ತದೆ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲೆಯ ಮೇಲೆ ಗುಡ್ಡ ಜರಿಯುವ ಹಿಂದಿನ ದಿನವೇ ಆ ಅಂಕಿಗಳ ಆಧಾರದಲ್ಲಿ ಅವರು ಜಿಲ್ಲಾಡಳಿತಕ್ಕೆ ಎಚ್ಚರಿಕೆ ಮುಟ್ಟಿಸಿದ್ದರು. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಕುಸಿದದ್ದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಗ್ಲಾಸಿನ ವಿಷಯ. 3 ಇಂಚು 10 ಸೆಂಟ್ಸ್ ಅಂದರೆ ಸುಮಾರು 79 ಮಿ.ಮೀ. ಪಂಚಾಯಿತಿಯದು 41. ಹೆಚ್ಚುಕಡಿಮೆ ಎರಡು ಪಟ್ಟು! ಇಷ್ಟು ನೀಟಾಗಿ ಎರಡು ಪಟ್ಟು ಬಂದಾಗ ನಾನು ಮೋಡದ ಮೇಲೆ ಅನುಮಾನ ಪಡುವುದಕ್ಕೆ ಮುಂಚೆ ಗ್ಲಾಸಿನ ಮೇಲೆ ಪಡುತ್ತೇನೆ. ಫೈಬರ್ ಗೇಜುಗಳು ಎರಡು ಅಳತೆಯಲ್ಲಿ ಬರುತ್ತವೆ: ಬಾಯಿಯ ವಿಸ್ತೀರ್ಣ 200 ಚದರ ಸೆಂ.ಮೀ. ಇರುವುದು, 100 ಇರುವುದು. ಪ್ರತಿಯೊಂದಕ್ಕೂ ಅದರದೇ ಗ್ಲಾಸು. ಒಂದು ಮಿ.ಮೀ. ಮಳೆಗೆ ದೊಡ್ಡದರಲ್ಲಿ 20 ಮಿ.ಲೀ. ನೀರು ಸೇರುತ್ತದೆ, ಚಿಕ್ಕದರಲ್ಲಿ 10. ದೊಡ್ಡ ಗೇಜಿನ ನೀರನ್ನು ಚಿಕ್ಕದರ ಗ್ಲಾಸಿಗೆ ಸುರಿದರೆ ಪ್ರತಿ ಮಳೆಯೂ ದುಪ್ಪಟ್ಟು. ಗ್ಲಾಸುಗಳು ನೋಡಲು ಒಂದೇ ತರಹ, ಅಂಗಡಿಯವನಿಗೂ ಗೊತ್ತಿರುವುದಿಲ್ಲ.

ನಗಬೇಡಿ, ಮಳೆ ಅಳೆಯುವ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೇ ಎರಡು ತಿಂಗಳು ಈ ತಪ್ಪು ಮಾಡಿದ್ದೆ. ಗ್ಲಾಸು ಕೈಜಾರಿ ಒಡೆಯಿತು, ಬೈಸಿಕೊಳ್ಳುವ ಭಯಕ್ಕೆ ಬೀರುವಿನಲ್ಲಿದ್ದ ಇನ್ನೊಂದನ್ನು ಸದ್ದಿಲ್ಲದೆ ಬಳಸತೊಡಗಿದೆ. ತಪಾಸಣೆಗೆ ಬಂದ ಹಿರಿಯರು ಪುಸ್ತಕ ತಿರುವಿ, 'ಏನಪ್ಪಾ, ನಿನ್ನ ಬೇಲಿಯೊಳಗೆ ಮಾತ್ರ ಚಿರಾಪುಂಜಿಯಾ?' ಎಂದರು.

ಪರೀಕ್ಷೆಗೆ ಐದು ನಿಮಿಷ ಸಾಕು. ಗೇಜಿನ ಬಾಯಿಯನ್ನು ಒಳ ಅಂಚಿನಿಂದ ಒಳ ಅಂಚಿಗೆ ಅಳೆಯಿರಿ. 16 ಸೆಂ.ಮೀ. ಇದ್ದರೆ ಅದು 200ರದ್ದು, 11.3 ಸೆಂ.ಮೀ. ಇದ್ದರೆ 100ರದ್ದು. ಆಮೇಲೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ 200 ಗ್ರಾಂ ನೀರು ತೂಗಿ, ಆ ನೀರನ್ನು ಗ್ಲಾಸಿಗೆ ಹಾಕಿ ನೋಡಿ. ಒಂದೇ ಸಲಕ್ಕೆ ಹಿಡಿಸದಿದ್ದರೆ ಎರಡು ಸಲ ಅಳೆದು ಕೂಡಿಸಿ. 10 ಮಿ.ಮೀ. ತೋರಿಸಿದರೆ ಗ್ಲಾಸು 200ರ ಗೇಜಿನದು, 20 ತೋರಿಸಿದರೆ 100ರದ್ದು. ಗೇಜು ಒಂದು, ಗ್ಲಾಸು ಇನ್ನೊಂದು ಆಗಿದ್ದರೆ ಗ್ಲಾಸು ಬದಲಾದ ದಿನದಿಂದ ಬರೆದದ್ದೆಲ್ಲ ಕೆಟ್ಟಿದೆ, ಆದರೆ ಅಷ್ಟೂ ಒಂದೇ ಅನುಪಾತದಲ್ಲಿ ಕೆಟ್ಟಿದೆ, ಆದ್ದರಿಂದ ಸರಿಪಡಿಸಬಹುದು. ಪುಸ್ತಕದಲ್ಲಿ ಮಾತ್ರ ತಿದ್ದಬೇಡಿ. ಇಂಥ ದಿನದಿಂದ ಇಂಥ ದಿನದವರೆಗೆ ಬೇರೆ ಗ್ಲಾಸು ಎಂದು ಅಂಚಿನಲ್ಲಿ ಬರೆಯಿರಿ.

ಇದು ಸಣ್ಣ ವಿಷಯ ಅಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 64.5 ಮಿ.ಮೀ. ದಾಟಿದರೆ 'ಭಾರಿ ಮಳೆ', 115.6 ದಾಟಿದರೆ 'ಅತಿ ಭಾರಿ', 204.5 ದಾಟಿದರೆ 'ಅತ್ಯಂತ ಭಾರಿ'. ನಿಮ್ಮ ಭಾಷೆಯಲ್ಲಿ ಸುಮಾರು ಎರಡೂವರೆ, ನಾಲ್ಕೂವರೆ, ಎಂಟು ಇಂಚು. ತಪ್ಪು ಗ್ಲಾಸು ಒಂದು ಸಾಧಾರಣ ಮಳೆಯನ್ನು ಹಾಗೇ ಎತ್ತಿ ಭಾರಿ ಮಳೆಯ ಸಾಲಿಗೆ ಕೂರಿಸಿಬಿಡುತ್ತದೆ.

ಗ್ಲಾಸು ಸರಿಯಿದ್ದರೆ? ಆಗ ಎರಡೂ ಅಂಕಿ ನಿಜವಾಗಿರಬಹುದು. ಏಪ್ರಿಲ್ ಮಳೆ ಒಂದೊಂದೇ ಗುಡುಗು ಮೋಡದಿಂದ ಬರುವುದು. ರಸ್ತೆಯ ಈಚೆ ಹಳ್ಳ ಹರಿದು, ಆಚೆ ಧೂಳು ಹಾರುವುದನ್ನು ನೀವೂ ಕಂಡಿದ್ದೀರಿ. ಮೂರು ಕಿಲೋಮೀಟರ್‌ಗೆ ಎರಡು ಪಟ್ಟು ವ್ಯತ್ಯಾಸ ಹೂಮಳೆ ಕಾಲದಲ್ಲಿ ಏನೇನೂ ವಿಚಿತ್ರವಲ್ಲ; ಆಶ್ಲೇಷದ ಮಳೆಯಲ್ಲಿ ಅಷ್ಟು ವ್ಯತ್ಯಾಸ ದಿನಾ ಬಂದರೆ ವಿಚಿತ್ರ. ಪಂಚಾಯಿತಿಯ ತಾನಾಗಿಯೇ ಅಂಕಿ ಕಳಿಸುವ ಗೇಜಿಗೂ ಅದರದೇ ಕಾಯಿಲೆಗಳಿವೆ. ಅಂಥವುಗಳಲ್ಲಿ ಒಳಗೆ ತೂಗುಯ್ಯಾಲೆಯಂತೆ ಎರಡು ಪುಟ್ಟ ಬೋಗುಣಿ ಇರುತ್ತವೆ. ಒಂದು ತುಂಬಿ ಮಗುಚಿದಾಗ ಒಂದು ಎಣಿಕೆ. ಮಳೆ ರಭಸವಾದಾಗ ಮಗುಚುವ ಆ ಕ್ಷಣದಲ್ಲಿ ಬೀಳುವ ನೀರು ಲೆಕ್ಕ ತಪ್ಪುತ್ತದೆ. ಎಲೆ, ಜೇಡರ ಬಲೆ, ಇರುವೆಗೂಡು ಕೊಳವೆಯಲ್ಲಿ ಕೂತರಂತೂ ಹೇಳುವುದೇ ಬೇಡ. ಸರ್ಕಾರದ್ದು ಅನ್ನುವ ಕಾರಣಕ್ಕೆ ಸರಿಯೂ ಅಲ್ಲ, ತಪ್ಪೂ ಅಲ್ಲ.

ಗ್ಲಾಸಿನಷ್ಟೇ ಮುಖ್ಯ ಗಡಿಯಾರ. ನಿಮ್ಮ ತಂದೆಯವರ ಕಾಲದಲ್ಲಿ ಎಷ್ಟು ಗಂಟೆಗೆ ಅಳೆಯುತ್ತಿದ್ದರು? ಬಹಳ ಎಸ್ಟೇಟುಗಳಲ್ಲಿ ರೈಟರು ಆಳುಗಳ ಹಾಜರಿ ಹಾಕುವ ಹೊತ್ತಿಗೆ ಅಳೆದು, ನಿನ್ನೆ ಬಂದ ಮಳೆ ಎಂದು ನಿನ್ನೆಯ ತಾರೀಖಿಗೆ ಬರೆಯುವ ರೂಢಿಯಿತ್ತು. ಇಲಾಖೆಯ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ, ಅಂಕಿ ಅಳೆದ ದಿನದ ತಾರೀಖಿಗೆ ಹೋಗುತ್ತದೆ. 14ನೇ ತಾರೀಖು ಮಧ್ಯಾಹ್ನ ಸುರಿದದ್ದು ಅವರ ಪಟ್ಟಿಯಲ್ಲಿ 15ರ ಮಳೆ. ಇದೊಂದು ತಿಳಿಯದೆ ಎರಡು ಪಟ್ಟಿ ಪಕ್ಕಪಕ್ಕ ಇಟ್ಟುಕೊಂಡು ಜಗಳ ಆಡುವವರನ್ನು ಎಷ್ಟೋ ಜನರನ್ನು ನೋಡಿದ್ದೇನೆ. ನೀವು 8.30ಕ್ಕೇ ಅಳೆಯಿರಿ. ಆನೆ ಓಡಾಡುವ ಊರಲ್ಲಿ ನಸುಕಿಗೆ ಗೇಜಿನ ಹತ್ತಿರ ಹೋಗುವುದಕ್ಕಿಂತ ಇದು ಎಲ್ಲ ರೀತಿಯಿಂದಲೂ ವಾಸಿ.

ಮಳೆ ಇಲ್ಲದ ದಿನ 0 ಬರೆಯಿರಿ. ಖಾಲಿ ಬಿಟ್ಟರೆ ಅದಕ್ಕೆ 'ನೋಡಲಿಲ್ಲ' ಎಂದೇ ಅರ್ಥ. ಎರಡನ್ನೂ ಬೆರೆಸಿದ ಪುಸ್ತಕ ಸಂಶೋಧಕರಿಗೆ ತಲೆನೋವು. ಮೂರು ದಿನ ಮದುವೆಗೆ ಹೋಗಿ ಬಂದು ಅಳೆದರೆ 'ಮೂರು ದಿನದ ಒಟ್ಟು' ಎಂದು ಬರೆಯಿರಿ, ಮೂರರಿಂದ ಭಾಗಿಸಿ ಹಂಚಬೇಡಿ. ಮನೆಯಲ್ಲಿ ಇನ್ನೊಬ್ಬರಿಗೆ ಕಲಿಸಿಟ್ಟಿದ್ದರೆ ಆ ಪಾಡೇ ಇಲ್ಲ. ಅಂದ ಹಾಗೆ, ನಾನು ಕಂಡ ಅತಿ ಚೊಕ್ಕ ಮಳೆ ಪುಸ್ತಕ ಬರೆದದ್ದು ಬಾಳೆಹೊನ್ನೂರು ಕಡೆಯ ಒಬ್ಬ ಅಜ್ಜಿ, ಪಂಚಾಂಗದ ಅಂಚಿನಲ್ಲಿ.

ಗೇಜಿನ ಜಾಗದ ಬಗ್ಗೆ ನೀವು ಏನೂ ಬರೆದಿಲ್ಲ. ಸುತ್ತಲಿನ ಮರ, ಗೋಡೆ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರ ಬಿಡಬೇಕು ಅನ್ನುತ್ತದೆ ನಿಯಮ. ಅರವತ್ತು ಅಡಿ ಸಿಲ್ವರ್ ಓಕ್ ಇದ್ದರೆ ನೂರಿಪ್ಪತ್ತು ಅಡಿ. ಕಾಫಿ ತೋಟದಲ್ಲಿ ಅಂಥ ಬಯಲು ಸಿಗುವುದು ಕಣದ ಹತ್ತಿರ ಮಾತ್ರ. ಕಣದ ಸಿಮೆಂಟಿನ ಮೇಲೆ ಬೇಡ, ಹನಿ ಸಿಡಿಯುತ್ತದೆ. ಪಕ್ಕದ ಹುಲ್ಲು ನೆಲದಲ್ಲಿ, ಬಾಯಿ ನೆಲದಿಂದ 30 ಸೆಂ.ಮೀ. ಮೇಲೆ, ಮಟ್ಟವಾಗಿ. ತಾರಸಿಯ ಮೇಲಂತೂ ಬೇಡವೇ ಬೇಡ, ಗಾಳಿ ಹನಿಗಳನ್ನು ಹಾರಿಸಿಕೊಂಡು ಹೋಗುತ್ತದೆ. ಒಳಗಿನ ಬಾಟಲಿ ನೋಡಿ: 200ರ ಗೇಜಿನಲ್ಲಿ 4 ಲೀಟರಿನದಿದ್ದರೆ 200 ಮಿ.ಮೀ.ಗೆ ತುಂಬಿತು. ನಿಮ್ಮ ಕಡೆ ಜುಲೈನಲ್ಲಿ ಅದು ಸಾಲುವುದಿಲ್ಲ, ದೊಡ್ಡದು ಹಾಕಿಸಿ. ಇಲ್ಲವೇ ರಾತ್ರಿ ಮಲಗುವ ಮುಂಚೆ ಒಮ್ಮೆ ಅಳೆದು ಬೆಳಗಿನದಕ್ಕೆ ಕೂಡಿಸಿ. ಇಂಬಳದ ಕಾಟಕ್ಕೆ ಹೆದರಿ ದಿನ ತಪ್ಪಿಸಬೇಡಿ.

ಇನ್ನು ಆಲಿಕಲ್ಲು. 'ಚಿಕ್ಕಮಗಳೂರಿನಲ್ಲಿ ಹಿಮಪಾತ' ಎಂದು ಬೇಸಿಗೆಯಲ್ಲಿ ಓಡಾಡುವ ವಿಡಿಯೋಗಳಲ್ಲಿ ಇರುವುದು ಇದೇ. ನಮ್ಮಲ್ಲಿ ಹಿಮ ಬೀಳುವುದಿಲ್ಲ. ಗಾಳಿ ಶೂನ್ಯ ಡಿಗ್ರಿಗೆ ಇಳಿಯುವ ಮಟ್ಟ ಇಲ್ಲಿ ಸುಮಾರು ಐದು ಕಿಲೋಮೀಟರ್ ಎತ್ತರದಲ್ಲಿದೆ, ಮುಳ್ಳಯ್ಯನಗಿರಿಯ ಎತ್ತರ ಎರಡು ಕಿಲೋಮೀಟರಿಗೂ ಕಡಿಮೆ. ಮಾರ್ಚ್‌ನಿಂದ ಮೇವರೆಗೆ ನೆಲ ಕಾದು, ಕಡಲ ಕಡೆಯ ತೇವದ ಗಾಳಿ ಸೇರಿ ಮೋಡ ಆ ಮಟ್ಟವನ್ನೂ ಮೀರಿ ಬೆಳೆಯುತ್ತದೆ. ಮೇಲೇರುವ ಗಾಳಿ ಹನಿಗಳನ್ನು ಕೆಳಗೆ ಬೀಳಗೊಡದೆ ಎತ್ತಿ ಹಿಡಿದು, ಪದರದ ಮೇಲೆ ಪದರ ಹೆಪ್ಪುಗಟ್ಟಿಸುತ್ತದೆ. ಕಾಫಿ ಹೂವಿಗೆ ಬೇಕಾದ ಒಂದಿಂಚು ಮಳೆ ತರುವುದೂ ಇದೇ ಮೋಡ, ಹೂವನ್ನು ಜಪ್ಪಿ ಹಾಕುವುದೂ ಇದೇ. ಮುಂಗಾರಿನ ಗಿಡ್ಡ ಮೋಡಕ್ಕೆ ಆ ಶಕ್ತಿ ಇಲ್ಲ, ಅದಕ್ಕೇ ಜುಲೈನಲ್ಲಿ ಆಲಿಕಲ್ಲು ಅಪರೂಪ.

ಮಗಳ ವಿಧಾನವನ್ನು ಇಲ್ಲಿಗೆ ಹಾಗೇ ತರಲಾಗದು. ಹಿಮ ಬಿದ್ದಲ್ಲೇ ಕೂರುತ್ತದೆ, ಅದಕ್ಕೇ ಬಿಸಿಲು ಹೀರದ ಬಿಳಿ ಹಲಗೆಯ ಮೇಲೆ, ಕುಸಿದು ಗಟ್ಟಿಯಾಗುವ ಮುಂಚೆ ಆಳ ಅಳೆಯುತ್ತಾರೆ. ಆಲಿಕಲ್ಲು ಪುಟಿಯುತ್ತದೆ, ಉರುಳುತ್ತದೆ. ಹಂಚಿನಿಂದ ಜಾರಿ ಬಿದ್ದ ನಿಮ್ಮ ಅರ್ಧ ಅಡಿ ಗುಡ್ಡೆ ಫೋಟೋಕ್ಕೆ ಚೆಂದ, ಅಳತೆಗೆ ಪ್ರಯೋಜನವಿಲ್ಲ. ಬೇಕಾದದ್ದು ಗಾತ್ರ: ಅತಿ ದೊಡ್ಡ ಕಲ್ಲಿನ ಅಡ್ಡಳತೆ, ಬಹುಪಾಲು ಕಲ್ಲುಗಳ ಅಡ್ಡಳತೆ, ಶುರುವಾದ ಹೊತ್ತು, ನಿಂತ ಹೊತ್ತು. ನಿಂಬೆಗಾತ್ರ, ಅಡಿಕೆಗಾತ್ರ ಎಂದು ಬರೆಯುವುದಕ್ಕಿಂತ ಸ್ಕೇಲು ಇಟ್ಟು ಫೋಟೋ ತೆಗೆಯಿರಿ. ಸ್ಕೇಲು ಸಿಗದಿದ್ದರೆ ಹತ್ತು ರೂಪಾಯಿ ನಾಣ್ಯ ಪಕ್ಕದಲ್ಲಿಡಿ, ಅದು 27 ಮಿ.ಮೀ. ಐದು ಮಿ.ಮೀ. ದಾಟಿದ್ದನ್ನೇ ಆಲಿಕಲ್ಲು ಅನ್ನುವುದು. ಕರಗುವ ಮುಂಚೆ ಒಂದೆರಡನ್ನು ಫ್ರಿಜ್ಜಿನ ಮೇಲಿನ ಖಾನೆಗೆ ಹಾಕಿಟ್ಟರೆ ಆತುರವಿಲ್ಲ. ಕೊಲೊರಾಡೊದವರು ಫೋಮ್ ತುಂಡಿಗೆ ಅಲ್ಯುಮಿನಿಯಂ ಹಾಳೆ ಸುತ್ತಿ ಬಯಲಲ್ಲಿಡುತ್ತಾರೆ, ಕಲ್ಲು ಬಿದ್ದ ಕುಳಿಗಳೇ ದಾಖಲೆ. ರೊಟ್ಟಿ ಸುತ್ತುವ ಫಾಯಿಲ್ ಪೇಪರು, ಥರ್ಮಾಕೋಲಿನಲ್ಲಿ ನೀವೂ ಮಾಡಿ ನೋಡಬಹುದು.

ಗೇಜಿನ ಆಲಿಕೆಯಲ್ಲಿ ಕಲ್ಲು ಸಿಕ್ಕಿಕೊಂಡಿದ್ದರೆ ಹಿಮದವರ ಉಪಾಯ ಇಲ್ಲೂ ನಡೆಯುತ್ತದೆ: ಬೆಚ್ಚನೆ ನೀರನ್ನು ಮೊದಲು ಅದೇ ಗ್ಲಾಸಿನಲ್ಲಿ ಅಳೆದು ಸುರಿದು ಕರಗಿಸಿ, ಕೊನೆಯ ಅಂಕಿಯಲ್ಲಿ ಅಷ್ಟನ್ನು ಕಳೆಯಿರಿ. ಒಂದು ಎಚ್ಚರ. ಕಲ್ಲು ಬಿದ್ದು ನಿಂತ ತಕ್ಷಣ ಹೊರಗೆ ಓಡಬೇಡಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗಲಿ. ಕರಗಿಹೋದರೆ ಹೋಗಲಿ.

ಕಳಿಸುವುದು ಎಲ್ಲಿಗೆ? ಆಲಿಕಲ್ಲು, ಬಿರುಗಾಳಿ, ಗುಡುಗಿನಂಥ ಆಗಿಂದಾಗಿನ ಸುದ್ದಿಗೆ ಭಾರತ ಹವಾಮಾನ ಇಲಾಖೆ ತನ್ನ ವೆಬ್‌ಸೈಟು, 'ಮೌಸಮ್' ಆ್ಯಪಿನಲ್ಲಿ ಸಾರ್ವಜನಿಕರಿಗೆ ವರದಿ ಮಾಡುವ ಜಾಗ ಕೊಟ್ಟಿದೆ. ಆ ಗಳಿಗೆಯಲ್ಲೇ ಕಳಿಸಿದರೆ ಮುನ್ಸೂಚನೆಯವರ ಉಪಯೋಗಕ್ಕೆ ಬರುತ್ತದೆ, ಮರುದಿನ ಕಳಿಸಿದ್ದು ಬರೀ ದಾಖಲೆ. ಆದರೆ ನಿಮ್ಮ ದಿನವಹಿ ಪುಸ್ತಕಕ್ಕೆ ಅದು ಜಾಗವಲ್ಲ. ಅದಕ್ಕೆ ನನ್ನ ಸಲಹೆ ಕಂದಲಿಯ ಕೃಷಿ ವಿಜ್ಞಾನ ಕೇಂದ್ರ, ಮೂಡಿಗೆರೆಯ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರ ಅಥವಾ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ. ಮಂಗಳವಾರ, ಶುಕ್ರವಾರ ಬರುವ ಕೃಷಿ ಹವಾಮಾನ ಸಲಹೆ ನಿಮ್ಮ ತೋಟಕ್ಕೆ ಎಷ್ಟು ಹೊಂದಿತು ಎಂದು ತಿಳಿಯಲು ಇಂಥ ಪುಸ್ತಕಕ್ಕಿಂತ ಬೇರೆ ಬೇಕಿಲ್ಲ. ಖುದ್ದು ಹೋಗಿ ಮಾತಾಡಿ. ಮೊದಲ ಸಲಕ್ಕೆ ಉತ್ಸಾಹ ಕಾಣದಿದ್ದರೆ ಬೇಜಾರಾಗಬೇಡಿ, ಹತ್ತು ವರ್ಷದ ಪುಸ್ತಕ ಮೇಜಿನ ಮೇಲಿಟ್ಟಾಗ ಮಾತಿನ ಧಾಟಿ ಬದಲಾಗುತ್ತದೆ. ಬೆಳೆಗಾರರ ವಾಟ್ಸಾಪ್ ಗುಂಪೂ ತೆಗೆದುಹಾಕುವಂಥದ್ದಲ್ಲ, ಆದರೆ 'ನಮ್ಮಲ್ಲಿ 2 ಇಂಚು' ಎಂದಷ್ಟೇ ಹಾಕಿದರೆ ಊರು ಯಾವುದು, ಎಷ್ಟರಿಂದ ಎಷ್ಟು ಗಂಟೆಯದು ತಿಳಿಯದೆ ಆ ಅಂಕಿ ಅನಾಥ.

ವಿಮೆ ತಪ್ಪುತ್ತದೆ ಅನ್ನುವುದು ಸುಳ್ಳು. ಅಡಿಕೆ, ಮೆಣಸಿನ ಹವಾಮಾನ ಆಧಾರಿತ ವಿಮೆಯಲ್ಲಿ ಪರಿಹಾರ ನಿಗದಿಯಾಗುವುದು ಪಂಚಾಯಿತಿಗೆ ಗೊತ್ತುಮಾಡಿದ ಗೇಜಿನ ಅಂಕಿಯಿಂದ. ನಿಮ್ಮ ಪುಸ್ತಕ ಅಲ್ಲಿಗೆ ಬರುವುದೇ ಇಲ್ಲ, ಕೆಡಿಸಲೂ ಇಲ್ಲ, ಗೆಲ್ಲಿಸಲೂ ಇಲ್ಲ. ನನ್ನ ಭಯ ಇರುವುದು ಅದರ ಉಲ್ಟಾ: ಖಾಸಗಿ ಅಂಕಿ ತೋರಿಸಿ ಪರಿಹಾರ ಪಡೆಯಬಹುದೆಂದು ನಂಬಿ ಅಲೆದವರಿದ್ದಾರೆ. ಪುಸ್ತಕ ಉಪಯೋಗಕ್ಕೆ ಬರುವುದು ಬೇರೆಡೆ. ಊರೆಲ್ಲ ಹೊಯ್ಯುತ್ತಿರುವಾಗ ಪಂಚಾಯಿತಿ ಗೇಜು ದಿನಗಟ್ಟಲೆ ಸೊನ್ನೆ ತೋರಿಸಿದರೆ, ನಿಮ್ಮ ಮತ್ತು ಅಕ್ಕಪಕ್ಕದ ಇನ್ನೊಂದೆರಡು ತೋಟದ ಪುಟಗಳ ನಕಲಿನೊಂದಿಗೆ ಆ ವಾರವೇ ತೋಟಗಾರಿಕೆ ಇಲಾಖೆಗೆ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಋತು ಮುಗಿದ ಮೇಲೆ ಕೊಟ್ಟ ದೂರನ್ನು ಯಾರೂ ಕೇಳುವುದಿಲ್ಲ. ಗದ್ದೆಗೆ ಫಸಲ್ ಬಿಮಾ ಮಾಡಿಸಿದ್ದರೆ ಆಲಿಕಲ್ಲಿನ ನಷ್ಟವನ್ನು 72 ಗಂಟೆಯೊಳಗೆ ತಿಳಿಸಬೇಕು, ಅಲ್ಲಿ ಹೊತ್ತು–ತಾರೀಖು ಇರುವ ನಿಮ್ಮ ಫೋಟೋ ಕೆಲಸಕ್ಕೆ ಬರುತ್ತದೆ.

ಕೇಸಿನ ಮಾತು ಬಂದದ್ದು ಎಲ್ಲಿಂದ ಎಂದು ಊಹಿಸಬಲ್ಲೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 54ನೇ ಸೆಕ್ಷನ್ನಿನಲ್ಲಿ, ವಿಪತ್ತಿನ ಬಗ್ಗೆ ಸುಳ್ಳು ಎಚ್ಚರಿಕೆ ಹರಡಿ ಜನರನ್ನು ಗಾಬರಿಗೊಳಿಸಿದರೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ ಎಂದಿದೆ. ಬಿದ್ದ ಮಳೆಯನ್ನು ಬಿದ್ದಷ್ಟೇ ಎಂದು ಹೇಳುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೆ 'ನಮ್ಮಲ್ಲಿ ಹತ್ತು ಇಂಚಾಯಿತು, ನಾಳೆ ಘಟ್ಟ ಕುಸಿಯುತ್ತದೆ, ಎಲ್ಲರೂ ಊರು ಬಿಡಿ' ಎಂದು ಗುಂಪಿಗೆ ಹಾಕಬೇಡಿ. ಮೊದಲರ್ಧ ನಿಮ್ಮ ಕೆಲಸ. ಉಳಿದರ್ಧವನ್ನು ತಹಶೀಲ್ದಾರ್ ಕಚೇರಿಗೆ ಫೋನ್ ಮಾಡಿ ಹೇಳಿ.

ತಂದೆಯವರ ಪುಸ್ತಕಗಳ ಪುಟಪುಟವನ್ನೂ ಹಗಲು ಬೆಳಕಿನಲ್ಲಿ ಫೋಟೋ ತೆಗೆದು ಮಗಳಿಗೂ ಒಂದು ಪ್ರತಿ ಕಳಿಸಿಡಿ. ಗೆದ್ದಲಿಗೆ ಕಾಗದದ ಬೆಲೆ ಗೊತ್ತಿಲ್ಲ. ಇಂಚನ್ನು ಮಿ.ಮೀ.ಗೆ ತಿರುಗಿಸುವುದಿದ್ದರೆ ಬೇರೆ ಹಾಳೆಯಲ್ಲಿ ಮಾಡಿ, 25.4ರಿಂದ ಗುಣಿಸಿ. ತಾಮ್ರದ ಗೇಜು ಸೋರಲು ಶುರುವಾದದ್ದು ಯಾವ ವರ್ಷ ಎಂದು ಮನೆಯಲ್ಲಿ ಯಾರಿಗಾದರೂ ನೆನಪಿದ್ದರೆ ಈಗಲೇ ಕೇಳಿ ಬರೆದುಕೊಳ್ಳಿ. ಗೇಜಿನ ಬಾಯಿ ಎಷ್ಟು ಸೆಂಟಿಮೀಟರ್ ಬಂತು, 200 ಗ್ರಾಂ ನೀರಿಗೆ ಗ್ಲಾಸು ಎಷ್ಟು ತೋರಿಸಿತು, ಇವೆರಡನ್ನು ನನಗೆ ಬರೆಯಿರಿ. ಆ ಏಪ್ರಿಲ್ ಮಳೆ ಮೂರು ಇಂಚೋ ಒಂದೂವರೆಯೋ ಆಗ ಹೇಳುತ್ತೇನೆ.